ಮಿಟುಕುವ ಕಣ್ಣು, ಕೆಂಪಾದ ಕಣ್ಣು: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಪರಿಸರದಲ್ಲಿ ಮಕ್ಕಳ ನೇತ್ರಬಾಧೆ ಮತ್ತು ಟಿಕ್‌ಗಳು

ಕಾಲದ ಅಳತೆಯಾಗಿ ನಾವು ದಿನವೂ ಬಳಸುವ 'ನಿಮಿಷ' ಎಂಬ ಪದ ಮೂಲತಃ ಕಣ್ಣೆವೆಗೆ ಸಂಬಂಧಿಸಿದ್ದು. ನಿಮಿಷ, ನಿಮೇಷ ಎಂದರೆ ಎವೆಯನ್ನು ಮುಚ್ಚುವುದು. ಎವೆಯಿಕ್ಕದವರಾದ್ದರಿಂದ ದೇವತೆಗಳು ಅನಿಮಿಷರು. ಎವೆಯಿಕ್ಕುವುದು ಮನುಷ್ಯಸಹಜ ಲಕ್ಷಣ. ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಬಾರಿ ರೆಪ್ಪೆ ಬಡಿಯುತ್ತಾರೆ. ಹಸುಗೂಸು ನಿಮಿಷಕ್ಕೆ ಒಂದೆರಡು ಬಾರಿ ಬಡಿದರೆ ಹೆಚ್ಚು. ಬೆಳೆದಂತೆಲ್ಲ ಈ ಪ್ರಮಾಣ ಏರುತ್ತದೆ. ಆದರೆ ಐದಾರು ವರ್ಷದ ಮಗುವೊಂದು ಇದ್ದಕ್ಕಿದ್ದಂತೆ ಕಣ್ಣುಗಳನ್ನು ಪಟಪಟನೆ ಬಡಿಯತೊಡಗಿದಾಗ, ಅದರ ಜೊತೆಗೆ ಕಣ್ಣುಗಳು ಕೆಂಪೇರಿ ಉರಿಯತೊಡಗಿದಾಗ, ಮನೆಯವರಲ್ಲಿ ಒಂದು ಗೊಂದಲ ಹುಟ್ಟುತ್ತದೆ. ಕಣ್ಣು ಕೆಂಪಾದದ್ದರಿಂದ ಮಗು ಮಿಟುಕಿಸುತ್ತಿದೆಯೋ, ಮಿಟುಕಿಸಿ ಮಿಟುಕಿಸಿ ಕಣ್ಣು ಕೆಂಪಾಯಿತೋ? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಹವೆ, ಬೆಳೆ ಹಾಗೂ ಜನಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸುತ್ತದೆ.

ಈ ಗೊಂದಲ ಹೊಸತಲ್ಲ. ಆದರೆ ನಮ್ಮ ಪ್ರಾಚೀನ ವೈದ್ಯರು ಈ ಎರಡನ್ನೂ ಬೆರೆಸಿರಲಿಲ್ಲ ಎಂಬುದು ಗಮನಾರ್ಹ. ಸುಶ್ರುತಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ 21 ರೆಪ್ಪೆಗೆ ಸಂಬಂಧಿಸಿದವು. 'ನಿಮೇಷ' ಎಂಬ ಹೆಸರಿನ ರೋಗ ಈ ಗುಂಪಿನಲ್ಲಿದೆ: ರೆಪ್ಪೆಯನ್ನು ಆಡಿಸುವ ಸಿರೆಗಳನ್ನು ವಾಯುವು ಹೊಕ್ಕು ರೆಪ್ಪೆಗಳನ್ನು ಅತಿಯಾಗಿ ಚಲಿಸುವಂತೆ ಮಾಡುತ್ತದೆ ಎಂಬುದು ಅದರ ವಿವರಣೆ. ಕಣ್ಣು ಕೆಂಪಾಗಿ ನೀರು ಸುರಿಯುವ ಬೇನೆಗೆ 'ಅಭಿಷ್ಯಂದ' ಎಂಬ ಬೇರೆಯೇ ಹೆಸರಿದೆ. ವಾತದೋಷದ ಸಿದ್ಧಾಂತವನ್ನು ಇಂದಿನ ನರವಿಜ್ಞಾನಕ್ಕೆ ಎಳೆದು ತಂದು ಜೋಡಿಸುವ ಉತ್ಸಾಹ ಈ ಲೇಖಕನಿಗಿಲ್ಲ. ಆದರೂ ರೆಪ್ಪೆಯ ಅತಿಚಲನೆ ಒಂದು, ಕಣ್ಣಿನ ಕೆಂಪು ಇನ್ನೊಂದು ಎಂಬ ವಿವೇಕವನ್ನು ಆ ವರ್ಗೀಕರಣದಿಂದ ಇಂದಿಗೂ ಕಲಿಯಬಹುದು. ಮುಂದಿನ ಚರ್ಚೆಯೆಲ್ಲ ಈ ವಿವೇಕವನ್ನೇ ಆಧರಿಸಿದೆ.

ಮೊದಲಿಗೆ ಟಿಕ್ ಎಂದರೇನು ಎಂಬುದನ್ನು ನೋಡಬೇಕು. ಹಠಾತ್ತನೆ, ಕ್ಷಿಪ್ರವಾಗಿ, ಲಯವಿಲ್ಲದೆ ಮತ್ತೆ ಮತ್ತೆ ಘಟಿಸುವ ಚಲನೆಯನ್ನು ಅಥವಾ ಧ್ವನಿಯನ್ನು ವೈದ್ಯಶಾಸ್ತ್ರ ಟಿಕ್ ಎಂದು ಕರೆಯುತ್ತದೆ. ಕಣ್ಣು ಮಿಟುಕಿಸುವುದು, ಮೂಗು ಏರಿಸುವುದು, ಹೆಗಲು ಕುಣಿಸುವುದು, ಗಂಟಲು ಸರಿಪಡಿಸಿಕೊಳ್ಳುವುದು, ಮೂಗಿನಿಂದ ಸುಸ್ಸೆನ್ನುವುದು ಇದರ ಸಾಮಾನ್ಯ ರೂಪಗಳು. ಕನ್ನಡದಲ್ಲಿ ಇದಕ್ಕೆ ಒಂದೇ ನಿಶ್ಚಿತ ಪದವಿಲ್ಲ. ಆಡುಮಾತಿನಲ್ಲಿ 'ಚಟ', 'ಚಾಳಿ' ಎನ್ನುತ್ತಾರೆ. ಈ ಎರಡೂ ಪದಗಳಲ್ಲಿ ಮಗುವಿನ ಮೇಲಿನ ದೋಷಾರೋಪ ಅಡಗಿದೆ, ಬಿಡಲು ಮನಸ್ಸು ಮಾಡಿದರೆ ಬಿಡಬಹುದು ಎಂಬ ಧ್ವನಿಯಿದೆ. 'ಕಣ್ಣು ಹೊಡೆಯುತ್ತಾನೆ' ಎಂಬ ಮಾತಂತೂ ಇನ್ನೂ ಅನರ್ಥಕಾರಿ. ಹನ್ನೆರಡು ಹದಿಮೂರರ ಹುಡುಗನ ಬಗ್ಗೆ ತರಗತಿಯಲ್ಲಿ ಯಾರಾದರೂ ಹಾಗೆಂದರೆ ಅದು ರೋಗಲಕ್ಷಣದ ವರ್ಣನೆಯಾಗಿ ಉಳಿಯುವುದಿಲ್ಲ, ನಡತೆಯ ಮೇಲಿನ ದೂರಾಗುತ್ತದೆ. ಯೋಗ್ಯವಾದ ಪಾರಿಭಾಷಿಕ ಪದ ರೂಢಿಗೆ ಬರುವವರೆಗೆ 'ಟಿಕ್' ಎಂಬ ಪದವನ್ನೇ ಉಳಿಸಿಕೊಳ್ಳುವುದು ಲೇಸೆಂದು ತೋರುತ್ತದೆ.

ಟಿಕ್‌ಗಳು ಬಹುತೇಕ ನಾಲ್ಕರಿಂದ ಏಳು ವರ್ಷದೊಳಗೆ ತಲೆದೋರಿ, ಹತ್ತು ಹನ್ನೆರಡರ ಸುಮಾರಿಗೆ ಉಲ್ಬಣಿಸಿ, ಹರೆಯ ಮುಗಿಯುವ ವೇಳೆಗೆ ಹೆಚ್ಚಿನವರಲ್ಲಿ ತಗ್ಗುತ್ತವೆ. ಹುಡುಗಿಯರಿಗಿಂತ ಹುಡುಗರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಶಾಲಾ ವಯಸ್ಸಿನ ಐವರಲ್ಲಿ ಒಬ್ಬರವರೆಗೂ ತಾತ್ಕಾಲಿಕ ಟಿಕ್ ಯಾವಾಗಲಾದರೊಮ್ಮೆ ಕಾಣಿಸಿಕೊಳ್ಳಬಹುದೆಂಬ ಅಂದಾಜಿದೆ. ಒಂದು ವರ್ಷಕ್ಕೂ ಮಿಕ್ಕಿ ಹಲವು ಚಲನೆಗಳ ಜೊತೆಗೆ ಕನಿಷ್ಠ ಒಂದು ಧ್ವನಿಟಿಕ್ ಇದ್ದರೆ ಅದನ್ನು ಟುರೆಟ್ ಸಿಂಡ್ರೋಮ್ ಎನ್ನುತ್ತಾರೆ. 1885ರಲ್ಲಿ ಒಂಬತ್ತು ರೋಗಿಗಳ ವಿವರಣೆ ನೀಡಿದ ಫ್ರೆಂಚ್ ವೈದ್ಯ ಜಾರ್ಜ್ ಝಿಲ್ ದ ಲ ಟುರೆಟ್‌ನಿಂದ ಈ ಹೆಸರು ಬಂದಿದೆ. ಮೆದುಳಿನ ಹೊರಪದರಕ್ಕೂ ಒಳಗಿನ ನರಗ್ರಂಥಿಗಳಿಗೂ ನಡುವೆ ಸುತ್ತುವ ಸಂದೇಶಮಾರ್ಗಗಳಲ್ಲಿನ ವ್ಯತ್ಯಾಸ ಮತ್ತು ಆನುವಂಶಿಕತೆ ಇದರ ಮೂಲದಲ್ಲಿವೆ. ಪೋಷಕರ ಮುದ್ದು, ಮಗುವಿನ ಹಟ, ದೃಷ್ಟಿ ತಾಗುವುದು ಇವುಗಳಿಂದ ಟಿಕ್ ಹುಟ್ಟುವುದಿಲ್ಲ.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಎರಡು ಸಂಗತಿಗಳಿವೆ. ಎಲ್ಲ ಟಿಕ್‌ಗಳ ಪೈಕಿ ಮೊದಲು ಕಾಣಿಸಿಕೊಳ್ಳುವುದು ಅತಿ ಹೆಚ್ಚಾಗಿ ಕಣ್ಣು ಮಿಟುಕಿಸುವ ಟಿಕ್ಕೇ ಎಂಬುದು ಮೊದಲನೆಯದು. ಆದ್ದರಿಂದ ಇಂಥ ಮಗುವನ್ನು ಮೊದಲು ನೋಡುವವರು ನರರೋಗ ತಜ್ಞರಲ್ಲ; ಕಣ್ಣಿನ ವೈದ್ಯರು, ಅವರಿಗೂ ಮುಂಚೆ ಔಷಧಿ ಅಂಗಡಿಯವರು. ಎರಡನೆಯದು ಸೂಕ್ಷ್ಮವಾದದ್ದು. ಟಿಕ್ ಬರುವ ಮುನ್ನ ಆ ಅಂಗದಲ್ಲಿ ಒಂದು ಬಗೆಯ ಒತ್ತಡ, ಕಡಿತ ಅಥವಾ ಉರಿಯಂಥ ಪೂರ್ವಸಂವೇದನೆ ಉಂಟಾಗುತ್ತದೆ. ಚಲನೆ ಮುಗಿದೊಡನೆ ಅದು ಕ್ಷಣಕಾಲ ಶಮನವಾಗುತ್ತದೆ. ಸೀನು ಬರುವ ಮುನ್ನ ಮೂಗಿನಲ್ಲಾಗುವ ಅನುಭವಕ್ಕೆ ಇದನ್ನು ಹೋಲಿಸುವುದುಂಟು. ಹತ್ತು ವರ್ಷ ತುಂಬದ ಮಕ್ಕಳು ಇದನ್ನು ಬಿಡಿಸಿ ಹೇಳಲಾರರು. 'ಕಣ್ಣಾಗ ಏನೋ ಆಗ್ತದ' ಎಂದಷ್ಟೇ ಹೇಳುತ್ತಾರೆ. ಆ 'ಏನೋ' ಧೂಳಿನ ಕಣವಿರಬಹುದು, ಅಲರ್ಜಿಯ ತುರಿಕೆಯಿರಬಹುದು, ಟಿಕ್ಕಿನ ಪೂರ್ವಸಂವೇದನೆಯೂ ಇರಬಹುದು. ಪರೀಕ್ಷೆಯಿಲ್ಲದೆ ಕೇವಲ ಮಾತಿನಿಂದ ಇವನ್ನು ಬೇರ್ಪಡಿಸುವುದು ಕಷ್ಟ.

ಹಾಗಾದರೆ ಟಿಕ್ಕಿನಿಂದಲೇ ಕಣ್ಣು ಕೆಂಪಾಗುತ್ತದೆಯೆ? ಬರಿಯ ಮಿಟುಕಿನಿಂದ ಸಾಮಾನ್ಯವಾಗಿ ಆಗುವುದಿಲ್ಲ. ರೆಪ್ಪೆ ಬಡಿತವು ಕಣ್ಣೀರಿನ ತೆಳುಪದರವನ್ನು ಕಣ್ಣಿನ ಮೇಲೆ ಹರಡುವ ವ್ಯವಸ್ಥೆ. ಅದು ಹೆಚ್ಚಾದ ಮಾತ್ರಕ್ಕೆ ಕಣ್ಣಿಗೆ ಹಾನಿಯಿಲ್ಲ. ಆದರೆ ಕೆಲವು ಮಕ್ಕಳಲ್ಲಿ ಟಿಕ್ ಬರಿಯ ಮಿಟುಕಿಗೆ ನಿಲ್ಲದೆ ಕಣ್ಣುಗಳನ್ನು ಬಿಗಿಯಾಗಿ ಹಿಂಡುವ, ಮುಷ್ಟಿಯಿಂದ ಉಜ್ಜುವ, ಬೆರಳಿನಿಂದ ಒತ್ತುವ ರೂಪ ತಾಳುತ್ತದೆ. ಉಜ್ಜಿದಾಗ ಬಿಳಿಗುಡ್ಡೆಯನ್ನು ಹೊದ್ದ ತೆಳುಪೊರೆಯ ರಕ್ತನಾಳಗಳು ಹಿಗ್ಗಿ ಕೆಂಪು ಕಾಣುತ್ತದೆ. ಕೊಳೆಗೈಯಾದರೆ ಸೋಂಕೂ ತಗಲುತ್ತದೆ. ತೀವ್ರ ಟುರೆಟ್ ಇರುವ ವಿರಳ ಪ್ರಸಂಗಗಳಲ್ಲಿ ಕಣ್ಣಿಗೆ ಬಲವಾಗಿ ತಿವಿದುಕೊಂಡು ಅಕ್ಷಿಪಟಲ ಕಳಚಿದ ವರದಿಗಳೂ ವೈದ್ಯಸಾಹಿತ್ಯದಲ್ಲಿವೆ. ಇವನ್ನು ಬಿಟ್ಟರೆ, ಟಿಕ್ ಇರುವ ಮಗುವಿನ ಕಣ್ಣು ಕೆಂಪಾಗಿದೆಯೆಂದರೆ ಆ ಕೆಂಪಿಗೆ ಅದರದೇ ಆದ ಕಾರಣವನ್ನು ಹುಡುಕಲೇಬೇಕು. 'ಟಿಕ್ ಇದೆಯಲ್ಲ, ಅದಕ್ಕೇ' ಎಂದು ಕೈಬಿಡುವುದು, 'ಕಣ್ಣು ಕೆಂಪಾಗಿದೆ, ಹನಿ ಹಾಕಿದರೆ ಮಿಟುಕು ನಿಲ್ಲುತ್ತದೆ' ಎಂದು ತಿಂಗಳುಗಟ್ಟಲೆ ಹನಿ ಹಾಕುವುದು, ಎರಡೂ ತಪ್ಪು ದಾರಿಗಳು.

ಈ ವಿಷಯದಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಅಧ್ಯಯನವೊಂದು 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅತಿಯಾಗಿ ಕಣ್ಣು ಮಿಟುಕಿಸುತ್ತಿದ್ದ 99 ಮಕ್ಕಳನ್ನು ನೇತ್ರತಜ್ಞರು ಪರೀಕ್ಷಿಸಿದಾಗ ಶೇ. 37ರಷ್ಟು ಮಕ್ಕಳಲ್ಲಿ ಕಣ್ಣಿನ ಮುಂಭಾಗದ ಅಥವಾ ರೆಪ್ಪೆಯ ತೊಂದರೆ, ಶೇ. 23ರಷ್ಟು ಮಕ್ಕಳಲ್ಲಿ ಟಿಕ್, ಶೇ. 14ರಷ್ಟು ಮಕ್ಕಳಲ್ಲಿ ಕನ್ನಡಕ ಹಾಕದ ದೃಷ್ಟಿದೋಷ, ಶೇ. 11ರಷ್ಟು ಮಕ್ಕಳಲ್ಲಿ ಆಗಾಗ ಹೊರಕ್ಕೆ ಸರಿಯುವ ಮಾಲುಗಣ್ಣು ಕಂಡುಬಂದವು. ಕೆಲವು ಮಕ್ಕಳಲ್ಲಿ ಒಂದಕ್ಕಿಂತ ಹೆಚ್ಚು ಕಾರಣಗಳಿದ್ದವು. ಅಮೆರಿಕದ ಆಸ್ಪತ್ರೆಯೊಂದರ ಈ ಪ್ರಮಾಣಗಳನ್ನು ವರದಾ ತೀರದ ಹಳ್ಳಿಗಳಿಗೆ ಹಾಗೆಯೇ ಅನ್ವಯಿಸುವುದು ಸಲ್ಲದು. ಆದರೆ ಮಿಟುಕುವ ಮಗುವಿನ ಕಣ್ಣಿನ ಮೇಲ್ಮೈಯನ್ನು ಮೊದಲು ನೋಡಬೇಕೆಂಬ ಅದರ ಪಾಠ ಎಲ್ಲಿಯೂ ಸಲ್ಲುತ್ತದೆ. ನಮ್ಮ ಧೂಳು, ಹೊಗೆ, ಬಿಸಿಲುಗಳ ನಡುವೆ ಅದು ಇನ್ನೂ ಹೆಚ್ಚು ಸಲ್ಲುತ್ತದೆ.

1997ರಲ್ಲಿ ಅಖಂಡ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯಲ್ಲಿ ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹತ್ತಿರವಿದ್ದರೂ ಕಣ್ಣಿನ ದೃಷ್ಟಿಯಿಂದ ಒಂದೇ ಪ್ರದೇಶವಲ್ಲ. ಹಾನಗಲ್ಲು ಮಲೆನಾಡಿನ ಸೆರಗು. ಭತ್ತದ ಗದ್ದೆ, ಮಾವಿನ ತೋಪು, ಕೆರೆಗಳ ನಾಡು. ಸವಣೂರು ಬಯಲುಸೀಮೆಯ ಕಪ್ಪುನೆಲ. ಮೆಣಸಿನಕಾಯಿ, ಹತ್ತಿ, ಬೇಸಿಗೆಯ ಒಣಗಾಳಿ ಅಲ್ಲಿನವು. ಶಿಗ್ಗಾವಿಯನ್ನು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಲಾರಿಗಳ ಹೊಗೆ, ರಸ್ತೆಯ ಧೂಳು ಅಲ್ಲಿ ಹೆಚ್ಚು. ಹಿರೇಕೆರೂರು ಗೋವಿನಜೋಳ ಮತ್ತು ಹತ್ತಿಯ ಸೀಮೆ. ಋತುಮಾನವನ್ನು ಅನುಸರಿಸಿ ನೋಡಿದರೆ ಮಕ್ಕಳ ಕಣ್ಣು ಕೆಂಪಾಗುವ ಕಾರಣಗಳೂ ಬದಲಾಗುತ್ತವೆ.

ಮುಂಗಾರಿನ ತಿಂಗಳುಗಳಲ್ಲಿ ಸೋಂಕಿನದೇ ಮೇಲುಗೈ. 'ಕಣ್ಣು ಬಂದಾವ' ಎಂದು ಜನ ಹೇಳುವ ಕಣ್ಣುಬೇನೆ ಒಂದು ಕಣ್ಣಿನಲ್ಲಿ ತೊಡಗಿ ಎರಡು ದಿನದಲ್ಲಿ ಇನ್ನೊಂದಕ್ಕೆ ಹರಡಿ, ಬೆಳಿಗ್ಗೆ ಪಿಸರಿನಿಂದ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಮನೆಯಲ್ಲಿ, ತರಗತಿಯಲ್ಲಿ ಬೇರೆಯವರಿಗೂ ಬಂದಿರುತ್ತದೆ. 2023ರ ಜುಲೈ-ಆಗಸ್ಟ್‌ನಲ್ಲಿ ಕರ್ನಾಟಕದಾದ್ಯಂತ ಹಬ್ಬಿದ್ದು ಇದೇ. ಹೆಚ್ಚಿನ ವೇಳೆ ವೈರಾಣುವಿನಿಂದ ಬರುವ ಇದು ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಇದು ಟಿಕ್‌ನೊಡನೆ ಗೊಂದಲವಾಗುವುದು ಕಡಿಮೆ. ಆದರೆ ಬೇನೆ ಇಳಿದ ಮೇಲೂ ಮಿಟುಕು ಉಳಿದುಕೊಂಡರೆ ಟಿಕ್‌ನ ಸಾಧ್ಯತೆಯನ್ನು ಯೋಚಿಸಬೇಕು. ಟಿಕ್‌ಗೆ ಒಲವಿರುವ ಮಗುವಿನಲ್ಲಿ ಕಣ್ಣಿನ ಯಾವುದೇ ಕಿರಿಕಿರಿ ಹೊಸ ಟಿಕ್ಕಿಗೆ ನೆಪವಾಗಬಲ್ಲದು. ಕಿರಿಕಿರಿ ಹೋಗುತ್ತದೆ, ಚಲನೆ ಉಳಿಯುತ್ತದೆ.

ಸುಗ್ಗಿಯ ಕಾಲ ಬೇರೆಯದೇ ಬಗೆ. ಗೋವಿನಜೋಳದ ರಾಶಿ ಯಂತ್ರದ ಬಾಯಿಂದ ಹೊರಬೀಳುವಾಗ ಏಳುವ ನವಿರಾದ ಹೊಟ್ಟು ಇಡೀ ಓಣಿಯನ್ನು ಮುಸುಕುತ್ತದೆ. ಡಾಂಬರು ರಸ್ತೆಯೇ ಕಣವಾಗಿರುವ ಊರುಗಳಲ್ಲಿ ಶಾಲೆಗೆ ಹೋಗುವ ಮಕ್ಕಳು ಅದರ ನಡುವೆಯೇ ನಡೆಯುತ್ತಾರೆ. ಹಾನಗಲ್ಲ ಭಾಗದಲ್ಲಿ ಭತ್ತದ ಹೊಟ್ಟಿನ ಚೂಪಾದ ತುದಿ ಕಣ್ಣಿಗೆ ಬಡಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲಕ್ಕೆ ಗೀರು ಬಿದ್ದು, ಅಲ್ಲಿ ಶಿಲೀಂಧ್ರದ ಹುಣ್ಣಾಗುವ ಅಪಾಯವಿದೆ. ಇದು ದೃಷ್ಟಿಯನ್ನೇ ಕಸಿಯಬಲ್ಲದು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಅದರಲ್ಲಿ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ದೊರೆತಿದೆ. ಆದರೆ ಖಾರ ಕಡಿಮೆಯೆಂದರೂ ಅಂಗಳದಲ್ಲಿ ಒಣಹಾಕಿದ ಕಾಯಿಯ ತೊಟ್ಟು ಬಿಡಿಸುವ ತಾಯಂದಿರ ಬದಿಯಲ್ಲಿ ಕುಳಿತ ಮಗು ಅದೇ ಕೈಯಿಂದ ಕಣ್ಣುಜ್ಜಿಕೊಂಡರೆ ಸಾಕು. ಉಜ್ಜುವ ಟಿಕ್ ಇರುವ ಮಗುವಿಗೆ ಇದು ದಿನಕ್ಕೆ ಹತ್ತು ಬಾರಿ ನಡೆಯುತ್ತದೆ. ದೀಪಾವಳಿಯ ಹೋರಿ ಹಬ್ಬದ ಧೂಳು, ಪಟಾಕಿಯ ಹೊಗೆ, ಹೋಳಿಯ ರಾಸಾಯನಿಕ ಬಣ್ಣಗಳನ್ನೂ ಇಲ್ಲಿಯೇ ಸೇರಿಸಬಹುದು. ಅಡುಗೆಮನೆಗೆ ಅನಿಲ ಬಂದರೂ ನೀರು ಕಾಯಿಸುವ ಬಚ್ಚಲೊಲೆಗೆ ಕಟ್ಟಿಗೆ, ಹತ್ತಿಕಟ್ಟಿಗೆ, ಗೋವಿನಜೋಳದ ದಿಂಡುಗಳೇ ಆಗಬೇಕಾದ ಮನೆಗಳು ಅನೇಕ. ಚಳಿಗಾಲದ ಬೆಳಗಿನಲ್ಲಿ ಮಕ್ಕಳು ಕಾಯಿಸಿಕೊಳ್ಳುತ್ತ ಕೂರುವುದು ಆ ಒಲೆಯ ಮುಂದೆಯೇ.

ಆದರೆ ಪ್ರಸ್ತುತ ವಿಷಯದಲ್ಲಿ ಹೆಚ್ಚಿನ ಗಮನ ಬೇಡುವುದು ಬೇಸಿಗೆಯ ಅಲರ್ಜಿ. ಬಿಸಿ ಮತ್ತು ಒಣ ಹವೆಯ ನಾಡುಗಳಲ್ಲಿ ಐದರಿಂದ ಹದಿನೈದು ವರ್ಷದ ಮಕ್ಕಳಿಗೆ, ಅದರಲ್ಲೂ ಹುಡುಗರಿಗೆ, ಬರುವ ಒಂದು ಬಗೆಯ ಅಲರ್ಜಿಯ ಕಣ್ಣುರಿತವನ್ನು ವೈದ್ಯರು 'ವರ್ನಲ್' ಎಂದು ಕರೆಯುತ್ತಾರೆ. ಹೆಸರಿಗೆ ವಸಂತದ್ದಾದರೂ ನಮ್ಮಲ್ಲಿ ಬೇಸಿಗೆಯಲ್ಲಿ ಉಲ್ಬಣಿಸಿ ಕೆಲವರಲ್ಲಿ ವರ್ಷವಿಡೀ ಉಳಿಯುತ್ತದೆ. ತಡೆಯಲಾರದ ತುರಿಕೆ, ದಾರದಂತೆ ಎಳೆಯಬಹುದಾದ ಬಿಳಿ ಪಿಸರು, ಬಿಸಿಲನ್ನು ನೋಡಲಾರದಿರುವುದು, ಮೇಲ್ರೆಪ್ಪೆಯನ್ನು ಮಗುಚಿದಾಗ ಒಳಬದಿಯಲ್ಲಿ ಕಲ್ಲುಹಾಸಿನಂತೆ ಕಾಣುವ ಉಬ್ಬುಗಳು ಇದರ ಲಕ್ಷಣ. ವಯಸ್ಸು, ಲಿಂಗ, ಏರಿಳಿತ ಈ ಮೂರರಲ್ಲಿಯೂ ಇದು ಟಿಕ್‌ನೊಡನೆ ಹೋಲುತ್ತದೆ. ಎರಡೂ ಹುಡುಗರಲ್ಲಿ ಹೆಚ್ಚು, ಎರಡೂ ಶಾಲಾ ವಯಸ್ಸಿನಲ್ಲಿ ತೊಡಗುತ್ತವೆ, ಎರಡೂ ಬಂದುಹೋಗುತ್ತವೆ, ಎರಡೂ ಹರೆಯದ ಕೊನೆಗೆ ತಗ್ಗುತ್ತವೆ. ಒಂದೇ ಮಗುವಿನಲ್ಲಿ ಎರಡೂ ಇರುವುದು ಅಪರೂಪವಲ್ಲ. ಟಿಕ್ ಇರುವ ಮಕ್ಕಳಲ್ಲಿ ಅಲರ್ಜಿಯ ರೋಗಗಳು ತುಸು ಹೆಚ್ಚೆಂದು ತೈವಾನ್ ಮೊದಲಾದೆಡೆಯ ಅಧ್ಯಯನಗಳು ತೋರಿಸಿವೆ. ಜೊತೆಯಲ್ಲಿ ಕಾಣುವುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿಸಿದಂತಾಗುವುದಿಲ್ಲ. ಆದರೂ ತುರಿಕೆ ಇಳಿದಾಗ ಮಿಟುಕೂ ಒಂದಿಷ್ಟು ಇಳಿಯುವುದನ್ನು ವೈದ್ಯರು ಕಾಣುತ್ತಾರೆ. ವರ್ನಲ್‌ನಲ್ಲಿ ವರ್ಷಗಟ್ಟಲೆ ಕಣ್ಣುಜ್ಜುವ ಮಗುವಿನ ಪಾರದರ್ಶಕ ಪಟಲ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುವ ಅಪಾಯವುಂಟು. ಉಜ್ಜುವ ಟಿಕ್ ಜೊತೆಗೂಡಿದರೆ ಈ ಅಪಾಯ ಇಮ್ಮಡಿಸೀತೆಂದು ಊಹಿಸುವುದು ಅಸಮಂಜಸವಲ್ಲ.

ಅಲರ್ಜಿಗೆ ಕಾರಣವಾಗುವ ಪರಾಗಗಳಲ್ಲಿ ಕಾಂಗ್ರೆಸ್ ಕಸದ್ದನ್ನು ಹೆಸರಿಸಲೇಬೇಕು. 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಕಳೆ ಇಂದು ನಾಲ್ಕೂ ತಾಲ್ಲೂಕುಗಳ ಬದುವು, ಪಾಳುಜಾಗ, ಶಾಲಾ ಆವರಣಗಳಲ್ಲಿ ಬೆಳೆಯುತ್ತದೆ. ಶ್ರಮದಾನದ ಹೆಸರಿನಲ್ಲಿ ಅದನ್ನು ಬರಿಗೈಯಿಂದ ಕೀಳಿಸುವ ಕೆಲಸಕ್ಕೆ ಅಲರ್ಜಿಯ ಮಗುವನ್ನು ಹಚ್ಚಬಾರದು.

ಇನ್ನುಳಿದ ಕಾರಣಗಳನ್ನು ಸಂಕ್ಷೇಪವಾಗಿ ಹೇಳಬಹುದು. ರೆಪ್ಪೆಯಂಚಿನ ಉರಿಯೂತ, ಒಳಕ್ಕೆ ತಿರುಗಿದ ರೆಪ್ಪೆಗೂದಲು, ರೆಪ್ಪೆಯಡಿ ಸಿಕ್ಕ ಕಸ ಇವು ಕಣ್ಣನ್ನು ಕೆಂಪಾಗಿಸಿ ಮಿಟುಕಿಸುತ್ತವೆ. ದೃಷ್ಟಿದೋಷವಿರುವ ಮಗು ಕರಿಹಲಗೆ ನೋಡುವಾಗ ಕಣ್ಣು ಕಿರಿದುಮಾಡಿ ಮಿಟುಕಿಸುತ್ತದೆ. ಹೊರಮಾಲುಗಣ್ಣಿನ ಮಗು ಬಿಸಿಲಿನಲ್ಲಿ ಒಂದೇ ಕಣ್ಣನ್ನು ಮುಚ್ಚುತ್ತದೆ. ಮೊಬೈಲನ್ನು ದಿಟ್ಟಿಸುವಾಗ ರೆಪ್ಪೆ ಬಡಿತ ತಗ್ಗಿ ಕಣ್ಣು ಒಣಗುತ್ತದೆ, ಅದನ್ನು ಕೆಳಗಿಟ್ಟ ಮೇಲೆ ಉರಿ ಮತ್ತು ಮಿಟುಕು ಹೆಚ್ಚುತ್ತವೆ. ಟ್ರಕೋಮಾ ಒಂದು ಕಾಲಕ್ಕೆ ದೇಶದ ಅಂಧತ್ವದ ದೊಡ್ಡ ಕಾರಣವಾಗಿತ್ತು. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದಲ್ಲಿ ಅದು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಮಾನ್ಯ ಮಾಡಿತು. 'ಎ' ಅನ್ನಾಂಗದ ಕೊರತೆಯ ಇರುಳುಗುರುಡು, ಬಿಳಿಗುಡ್ಡೆಯ ಮೇಲಿನ ನೊರೆಯಂಥ ಮಚ್ಚೆಗಳು ಮೊದಲಿನಷ್ಟು ಕಾಣುವುದಿಲ್ಲ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಒಂಬತ್ತು ಬಾರಿ ಆ ಅನ್ನಾಂಗದ ದ್ರಾವಣ ಕೊಡುವ ಕಾರ್ಯಕ್ರಮದ ಪಾಲು ಇದರಲ್ಲಿದೆ. ಆದರೂ ಊಟ ಸೇರದ, ಒಣಗಣ್ಣಿನ ಮಗುವಿನಲ್ಲಿ ಅದನ್ನು ಮರೆಯುವಂತಿಲ್ಲ. ಔಷಧಿಗಳೂ ಕಾರಣವಾಗಬಹುದು: ಟಿಕ್‌ಗೆ ಕೊಡುವ ಕ್ಲೋನಿಡಿನ್, ನೆಗಡಿ-ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳು ಕಣ್ಣನ್ನು ಒಣಗಿಸುತ್ತವೆ.

ಈ ಗುಂಪಿನಲ್ಲಿ ಟಿಕ್ಕನ್ನು ಗುರುತಿಸುವುದು ಹೇಗೆ? ಟಿಕ್ ಜಾಗ ಬದಲಿಸುತ್ತದೆ. ಈ ತಿಂಗಳು ಕಣ್ಣು, ಮುಂದೆ ಮೂಗು, ಆಮೇಲೆ ಹೆಗಲು. ಆಯಾಸ, ಪರೀಕ್ಷೆಯ ಭಯ, ಉತ್ಸಾಹಗಳಲ್ಲಿ ಹೆಚ್ಚುತ್ತದೆ. ಚಿತ್ರ ಬರೆಯುವಾಗ, ಆಟದಲ್ಲಿ ಮೈಮರೆತಾಗ ತಗ್ಗುತ್ತದೆ. ಸ್ವಲ್ಪ ಹೊತ್ತು ತಡೆಹಿಡಿಯಲು ಬರುತ್ತದೆ, ಆದರೆ ತಡೆದಷ್ಟೂ ಒಳಗಿನ ಒತ್ತಡ ಏರುತ್ತದೆ. ನಿದ್ರೆಯಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಕಣ್ಣಿನ ಬೇನೆಯ ಮಿಟುಕು ಹಾಗಲ್ಲ. ಅದು ಕಣ್ಣನ್ನು ಬಿಟ್ಟು ಕದಲುವುದಿಲ್ಲ. ನೀರು, ಪಿಸರು, ತುರಿಕೆ, ಬಿಸಿಲಿನ ಭಯ ಜೊತೆಗಿರುತ್ತವೆ. ಮಗು ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ನಿಂತು ರೆಪ್ಪೆಗಳು ಅದುರಿದರೆ, ಕರೆದರೆ ಓಗೊಡದಿದ್ದರೆ, ಅದು ಟಿಕ್ಕಲ್ಲ, ಮೂರ್ಛೆರೋಗದ ಒಂದು ಬಗೆಯಾಗಿರಬಹುದು. ವಾಂತಿ ನಿಲ್ಲಿಸುವ ಅಥವಾ ಟಿಕ್ ತಗ್ಗಿಸುವ ಕೆಲವು ಔಷಧಿ ಕೊಟ್ಟ ಒಂದೆರಡು ದಿನಗಳಲ್ಲಿ ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ಚಿತ್ರಣ ವೈದ್ಯರಿಗೆ ಬಹಳ ನೆರವಾಗುತ್ತದೆ, ಏಕೆಂದರೆ ವೈದ್ಯರ ಎದುರು ಕುಳಿತ ಮಗು ಎಷ್ಟೋ ವೇಳೆ ಒಮ್ಮೆಯೂ ಮಿಟುಕಿಸದೆ ಇದ್ದುಬಿಡುತ್ತದೆ. ನೇತ್ರವೈದ್ಯರು ಸೂಕ್ಷ್ಮದರ್ಶಕದಲ್ಲಿ ಕಣ್ಣನ್ನು ನೋಡಿ, ಮೇಲ್ರೆಪ್ಪೆಯನ್ನು ಮಗುಚಿ, ಹಸಿರು ಹೊಳೆಯುವ ಬಣ್ಣ ಹಾಕಿ ಗೀರುಗಳನ್ನು ಹುಡುಕಿ, ಪಾಪೆ ಹಿಗ್ಗಿಸುವ ಹನಿ ಹಾಕಿ ದೃಷ್ಟಿದೋಷವನ್ನು ಅಳೆದರೆ ಬಹುತೇಕ ಪ್ರಶ್ನೆಗಳು ಅಲ್ಲಿಯೇ ತೀರುತ್ತವೆ.

ಪರಿಹಾರದ ವಿಷಯದಲ್ಲಿ ಸರಳವಾದದ್ದನ್ನು ಮೊದಲು ಹೇಳಬೇಕು. ಹೊರಗಿನಿಂದ ಬಂದೊಡನೆ ಕೈ, ಮುಖ ತೊಳೆಯುವುದು, ಶುದ್ಧ ತಣ್ಣೀರಿನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯನ್ನು ಮುಚ್ಚಿದ ಕಣ್ಣುಗಳ ಮೇಲೆ ಐದು ಹತ್ತು ನಿಮಿಷ ಇಡುವುದು, ಬಿಸಿಲಿಗೆ ಅಂಚಿರುವ ಟೊಪ್ಪಿಗೆ, ಸಾಧ್ಯವಾದರೆ ಕಪ್ಪು ಕನ್ನಡಕ, ರಾಶಿಯ ದಿನಗಳಲ್ಲಿ ಮಗುವನ್ನು ಕಣದಿಂದ ದೂರವಿಡುವುದು, ಪ್ರತ್ಯೇಕ ಟವೆಲ್ಲು. ಕೃತಕ ಕಣ್ಣೀರಿನ ಹನಿಗಳು ಅಲರ್ಜಿಕಣಗಳನ್ನು ತೊಳೆದು ಒಣಗಣ್ಣನ್ನು ತಣಿಸುತ್ತವೆ. ದಿನಕ್ಕೆ ಹಲವು ಬಾರಿ ಬಳಸುವುದಾದರೆ ಸಂರಕ್ಷಕ ರಾಸಾಯನಿಕ ಬೆರೆಸದವು ಉತ್ತಮ. ರೆಪ್ಪೆಯಂಚಿನ ಉರಿಯೂತಕ್ಕೆ ತಣ್ಣೀರಲ್ಲ, ಬೆಚ್ಚಗಿನ ಬಟ್ಟೆಯ ಕಾವು ಮತ್ತು ಅಂಚಿನ ಶುಚಿ ಬೇಕು. ಅಲರ್ಜಿ ಖಚಿತವಾದ ಮೇಲೆ ವೈದ್ಯರು ಓಲೋಪಟಡಿನ್‌ನಂಥ ಹನಿಗಳನ್ನು ಕೊಡುತ್ತಾರೆ. ತೀವ್ರವಾದರೆ ಸೈಕ್ಲೋಸ್ಪೋರಿನ್, ಟಾಕ್ರೋಲಿಮಸ್‌ಗಳೂ ಇವೆ. ಧೂಳಿನ ಕಣ ಬಿದ್ದರೆ, ಮೆಣಸಿನಕೈ ತಗಲಿದರೆ ಉಜ್ಜದೆ ಧಾರಾಳ ನೀರಿನಿಂದ ತೊಳೆಯಬೇಕು. ಸುಣ್ಣವೋ ಹೊಲಕ್ಕೆ ಹೊಡೆಯುವ ಔಷಧವೋ ಸಿಡಿದಿದ್ದರೆ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ತೊಳೆದು ಆಸ್ಪತ್ರೆಗೆ ಧಾವಿಸಬೇಕು.

ಮಾಡಬಾರದ್ದರ ಪಟ್ಟಿಯಲ್ಲಿ ಮೊದಲನೆಯದು ಸ್ಟಿರಾಯ್ಡ್ ಹನಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಬೆರೆತ ಹನಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಹಿಂದೊಮ್ಮೆ ಬರೆದುಕೊಟ್ಟ ಬಾಟಲಿಯನ್ನು ತೋರಿಸಿ ಮತ್ತೆ ಮತ್ತೆ ಕೊಂಡು ತರುವ ರೂಢಿ ಹಳ್ಳಿ-ಪಟ್ಟಣಗಳೆಲ್ಲೆಡೆ ಇದೆ. ಹನಿ ಬಿದ್ದ ಎರಡೇ ದಿನದಲ್ಲಿ ಕೆಂಪು ಮಾಯವಾಗುತ್ತದೆ, ಮಗು ಹಾಯಾಗಿರುತ್ತದೆ. ಆ ಹಿತವೇ ಬಲೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ಏರಿ ಗ್ಲಾಕೋಮಾ ಆಗುತ್ತದೆ, ಪೊರೆ ಬೆಳೆಯುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಹಿಂದಿರುಗುವುದಿಲ್ಲ. ಭತ್ತದ ಹೊಟ್ಟಿನಿಂದಾದ ಶಿಲೀಂಧ್ರದ ಹುಣ್ಣಿಗೆ ಇದೇ ಹನಿ ಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ. ಮಿಟುಕು ನಿಲ್ಲಲಿಲ್ಲವೆಂದು ಟಿಕ್ ಇರುವ ಮಗುವಿಗೆ ಇಂಥ ಹನಿ ಮುಂದುವರಿಸುವುದು ಇಡೀ ಪ್ರಕರಣದ ಅತ್ಯಂತ ದುಃಖಕರ ಮುಖ. ಜೀವಕ್ಕೆ ಕುತ್ತಿಲ್ಲದ, ಬಹುತೇಕ ತಾನಾಗಿ ತಗ್ಗುವ ಚಲನೆಗಾಗಿ ಕಣ್ಣನ್ನೇ ಕಳೆದುಕೊಂಡಂತಾಗುತ್ತದೆ. ಕೆಂಪನ್ನು ತಕ್ಷಣ ಬಿಳಿಮಾಡುವ, ರಕ್ತನಾಳ ಕುಗ್ಗಿಸುವ ಹನಿಗಳೂ ಮಕ್ಕಳಿಗೆ ಸಲ್ಲ; ಬಿಟ್ಟೊಡನೆ ಕೆಂಪು ಹೆಚ್ಚಾಗಿ ಮರಳುತ್ತದೆ.

ಮನೆಮದ್ದುಗಳನ್ನು ಸಾರಾಸಗಟಾಗಿ ತೆಗಳುವ ಅಗತ್ಯವಿಲ್ಲ. ನಂದಿಬಟ್ಟಲ ಹೂವನ್ನು ಮುಚ್ಚಿದ ರೆಪ್ಪೆಯ ಮೇಲಿಟ್ಟರೆ ಆಗುವ ತಂಪು ನಿಜ. ಅದರ ರಸವನ್ನಾಗಲಿ, ಎದೆಹಾಲನ್ನಾಗಲಿ, ಹರಳೆಣ್ಣೆಯನ್ನಾಗಲಿ ಕಣ್ಣೊಳಗೆ ಬಿಡುವುದು ಮಾತ್ರ ಸೋಂಕಿಗೆ ದಾರಿ. ಕಣ್ಣಿಗೆ ಹಚ್ಚುವ ಕೆಲವು ಸುರ್ಮಾಗಳಲ್ಲಿ ಸೀಸದ ಅಂಶವಿರುವುದು ಪರೀಕ್ಷೆಗಳಿಂದ ತಿಳಿದಿದೆ. ಸೀಸ ಬೆಳೆಯುವ ಮೆದುಳಿಗೆ ವಿಷ.

ಟಿಕ್ಕಿಗೆ ಚಿಕಿತ್ಸೆ ಬೇಕೆ ಎಂಬುದು ಅದು ಮಗುವನ್ನು ಎಷ್ಟು ಬಾಧಿಸುತ್ತಿದೆ ಎಂಬುದನ್ನು ಅವಲಂಬಿಸಿದೆ. ಅನೇಕರಿಗೆ ತಿಳಿವಳಿಕೆಯೇ ಸಾಕು. ಬೇಕಾದಾಗ ಮೊದಲ ಆಯ್ಕೆ ವರ್ತನಾ ಚಿಕಿತ್ಸೆ. 1973ರಲ್ಲಿ ಆಜ್ರಿನ್ ಮತ್ತು ನನ್ ಎಂಬ ಮನೋವಿಜ್ಞಾನಿಗಳು ರೂಪಿಸಿದ ಅಭ್ಯಾಸ ಪರಿವರ್ತನೆಯ ವಿಧಾನ ಅದರ ತಿರುಳು. 2010ರಲ್ಲಿ ಪ್ರಕಟವಾದ, 126 ಮಕ್ಕಳನ್ನೊಳಗೊಂಡ ಪ್ರಯೋಗದಲ್ಲಿ ಹತ್ತು ವಾರಗಳ ಈ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸುಧಾರಿಸಿದರು. ಬರಿಯ ತಿಳಿವಳಿಕೆ ಪಡೆದವರಲ್ಲಿ ಸುಧಾರಿಸಿದವರು ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಕಣ್ಣಿನ ಟಿಕ್ಕಿಗೆ ಅನ್ವಯಿಸುವಾಗ, ಪೂರ್ವಸಂವೇದನೆಯನ್ನು ಗುರುತಿಸಲು ಮಗುವಿಗೆ ಮೊದಲು ಕಲಿಸುತ್ತಾರೆ. ಅದು ಬಂದಾಗ ಬಿಗಿಯಾಗಿ ಬಡಿಯುವ ಬದಲು ಮೂರರಿಂದ ಐದು ಸೆಕೆಂಡಿಗೊಮ್ಮೆ ಮೆಲ್ಲಗೆ, ಬೇಕೆಂದೇ ರೆಪ್ಪೆ ಮುಚ್ಚಿ ತೆರೆಯುತ್ತ ಆ ಒತ್ತಡ ಕರಗುವವರೆಗೆ ಕಾಯುವುದನ್ನು ರೂಢಿಸುತ್ತಾರೆ. ಕಣ್ಣುಜ್ಜುವ ಟಿಕ್ಕಿಗಾದರೆ ಕೈಗಳನ್ನು ಹೆಣೆದು ತೊಡೆಯ ಮೇಲಿಡುವುದು. ಆದರೆ ಕಣ್ಣಿನ ತುರಿಕೆ ಇರುವಾಗಲೇ ಈ ತರಬೇತಿ ತೊಡಗಿದರೆ ಫಲವಿಲ್ಲ. ಯಾವ ಸಂವೇದನೆ ಯಾವುದರದೆಂದು ಮಗುವಿಗೆ ತಿಳಿಯದು. ಕಣ್ಣಿನ ಮೇಲ್ಮೈಯನ್ನು ಮೊದಲು ತಣಿಸಿ, ಟಿಕ್ಕನ್ನು ಆಮೇಲೆ ನೋಡಬೇಕೆಂಬ ಕ್ರಮಕ್ಕೆ ಇದೂ ಒಂದು ಕಾರಣ. ಔಷಧಿಗಳು ತೀವ್ರವಾದವುಗಳಿಗೆ ಮೀಸಲು.

ಸೌಲಭ್ಯಗಳ ವಿಷಯಕ್ಕೆ ಬಂದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ ಮತ್ತು ಅಂಗನವಾಡಿಗಳಿಗೆ ಬಂದು ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ದೃಷ್ಟಿದೋಷ ಅವರ ಪಟ್ಟಿಯಲ್ಲಿದೆ. ಮಿಟುಕುವ ಮಗುವನ್ನು ಶಿಕ್ಷಕರು ಆ ದಿನ ಮುಂದೆ ಕಳಿಸಿದರೆ ಅರ್ಧ ಕೆಲಸ ಮುಗಿದಂತೆ. ಮುಂದಿನ ಹಂತಕ್ಕೆ ಹಾವೇರಿಯ ಜಿಲ್ಲಾ ಆಸ್ಪತ್ರೆ ಇದೆ. ಶಿಗ್ಗಾವಿ, ಸವಣೂರು, ಹಾನಗಲ್ಲಿನವರು 1957ರಿಂದ ಇರುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ, ಹಿರೇಕೆರೂರಿನವರು ದಾವಣಗೆರೆ, ಶಿವಮೊಗ್ಗಗಳಿಗೂ ಹೋಗುತ್ತಾರೆ. ಟಿಕ್ಕಿಗಾಗಿ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮನಸ್' ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. 'ಮಾನಸಿಕ' ಎಂಬ ಫಲಕ ಕಂಡು ಹಿಂಜರಿಯುವ ಪೋಷಕರಿಗೆ, ಟಿಕ್ ನರಸಂಬಂಧಿ ಸ್ಥಿತಿಯೆಂಬುದನ್ನು ಕಳಿಸುವ ವೈದ್ಯರೇ ತಿಳಿಸಿ ಹೇಳುವುದು ಒಳಿತು.

ಶಾಲೆಯಲ್ಲಿ ಮಗುವಿಗೆ ಆಗುವ ನೋವು ಕಣ್ಣಿನ ಉರಿಗಿಂತ ಕಡಿಮೆಯೇನಲ್ಲ. 'ಮಿಟುಕಿಸಬೇಡ' ಎಂದು ಗದರಿದರೆ ಟಿಕ್ ಹೆಚ್ಚುತ್ತದೆ. ಎಲ್ಲರೆದುರು ಅಣಕಿಸಿದರಂತೂ ಹೇಳಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಿಕ್ಷಕರು ಟಿಕ್ಕನ್ನು ಗಮನಿಸದವರಂತೆ ಇದ್ದು, ಕಣ್ಣಿನ ಕೆಂಪನ್ನು ಮಾತ್ರ ಗಮನಿಸಿ ಪೋಷಕರಿಗೆ ತಿಳಿಸಬೇಕು. ಮಗುವನ್ನು ಕಿಟಕಿಯ ಬಿಸಿಲು ಮುಖಕ್ಕೆ ಬೀಳದ, ಬಾಗಿಲ ಧೂಳು ಬಡಿಯದ, ಕರಿಹಲಗೆ ಚೆನ್ನಾಗಿ ಕಾಣುವ ಜಾಗದಲ್ಲಿ ಕೂರಿಸಬೇಕು. ಮಧ್ಯೆ ಒಮ್ಮೆ ಹೊರಗೆ ಹೋಗಿ ಮುಖ ತೊಳೆದು ಬರಲು ಅನುಮತಿ ಕೊಡಬೇಕು. ಒಂದೇ ಕಣ್ಣು ಕೆಂಪಾಗಿದ್ದರೆ, ನೋವಿದ್ದರೆ, ಬೆಳಕು ಸಹಿಸದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಅಕ್ಷರ ಮಂಜಾದರೆ, ಆ ದಿನವೇ ನೇತ್ರವೈದ್ಯರಲ್ಲಿಗೆ ಕಳಿಸಬೇಕು.